ಕಾಡುಕುರಿಯ ಸಂತತಿ

ಇಂಡೋನೇಷ್ಯಾದ ಜನರು 'ಕಿಜಾಂಗ್' ಎಂದು ಕರೆಯುವುದು ನಮ್ಮ ಮಲೆನಾಡಿನವರ ಕಾಡುಕುರಿಯನ್ನು; ಹೆಸರಿನಲ್ಲಿ ಕುರಿಯಾದರೂ ಕುಲದಲ್ಲಿ ಜಿಂಕೆಯಾದ, ಬೆದರಿದರೆ ನಾಯಿಯಂತೆ ಬೊಗಳಿ ಪೊದೆಯೊಳಗೆ ಮಾಯವಾಗುವ ಆ ಚಿಕ್ಕ ಮೃಗವನ್ನು. ಈ ಮೃಗದ ಹೆಸರನ್ನು ಧರಿಸಿ 1977ರ ಜೂನ್ ತಿಂಗಳಿನಲ್ಲಿ ಇಂಡೋನೇಷ್ಯಾದ ಬೀದಿಗಿಳಿದ ಟೊಯೋಟಾದ ಒಂದು ಸಾಮಾನು ಗಾಡಿಯು, ಬಾಗಿಲಿಗೆ ಗಾಜು ಸಹ ಇಲ್ಲದೆ, ತಗಡನ್ನು ಮಡಿಚಿ ಬೆಸೆದ ಪೆಟ್ಟಿಗೆಯಂಥ ಮೈಯಲ್ಲಿ ತನ್ನ ಜೀವನವನ್ನಾರಂಭಿಸಿ, ಆರು ತಲೆಮಾರುಗಳನ್ನು ದಾಟಿ, 2022ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯ ಇನ್ನೋವಾ ಹೈಕ್ರಾಸ್ ಎಂಬ ಕ್ರಾಸ್‌ಓವರ್ ವಾಹನವಾಗಿ ಪರಿಣಮಿಸಿತೆಂದರೆ, ಅದು ಕೇವಲ ಒಂದು ಯಂತ್ರದ ವಂಶಾವಳಿಯಾಗಿ ಉಳಿಯುವುದಿಲ್ಲ. ಏಷ್ಯಾಖಂಡದ ಎರಡು ದೊಡ್ಡ ದೇಶಗಳ ಮಧ್ಯಮವರ್ಗದ ಸಂಸಾರಗಳು ಒಂದೊಂದಾಗಿ ಗಾಡಿ ಹತ್ತಿದ ಕಥೆಯೂ ಆಗುತ್ತದೆ.

ಕ್ರಾಸ್‌ಓವರ್ ಎಂಬ ಮಾತು ಈಗ ಮಾರಾಟಗಾರರ ಬಾಯಲ್ಲಿ ಸವೆದುಹೋಗಿದೆ. ಕಾರಿನ ಒಡಲು, ಜೀಪಿನ ನಿಲುವು ಎಂದು ಅದನ್ನು ಸ್ಥೂಲವಾಗಿ ವಿವರಿಸಬಹುದು. ಬೇರೆಡೆಗಳಲ್ಲಿ ಈ ಜಾತಿ ಹುಟ್ಟಿದ್ದು ಮೇಲಿನಿಂದ ಕೆಳಗೆ: 1994ರಲ್ಲಿ ಟೊಯೋಟಾದ ರಾವ್-4, ಮರುವರ್ಷ ಹೋಂಡಾದ ಸಿಆರ್-ವಿ, ಇವೆಲ್ಲ ಸಾಧಾರಣ ಕಾರಿನ ಅಂಗಾಂಗಗಳನ್ನೇ ತೆಗೆದುಕೊಂಡು, ನೆಲದಿಂದ ತುಸು ಎತ್ತರಿಸಿ, ಜೀಪಿನ ವೇಷ ತೊಡಿಸಿದ ಸೃಷ್ಟಿಗಳು. ಸಿಆರ್-ವಿಯ ಹಿಂಭಾಗದ ನೆಲಹಲಗೆಯನ್ನು ಎತ್ತಿ ಕಾಲು ಬಿಡಿಸಿದರೆ ಅದೇ ವನಭೋಜನದ ಮೇಜಾಗುತ್ತಿತ್ತು; ಭಾನುವಾರದ ವಿಹಾರಕ್ಕೆ ಹೊರಟ ಸುಖಿ ಕುಟುಂಬವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ವಾಹನವನ್ನು ರೂಪಿಸಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕಿಜಾಂಗಿನ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಕುಟುಂಬವಿರಲಿಲ್ಲ, ಮೂಟೆಯಿತ್ತು. ಕುಟುಂಬವು ತಾನಾಗಿಯೇ ಬಂದು ಮೂಟೆಯ ಜಾಗದಲ್ಲಿ ಕುಳಿತುಕೊಂಡಿತು. ಕುಳಿತವರನ್ನು ಕಂಡ ಮೇಲೆ, ಒಂದೊಂದು ತಲೆಮಾರಿಗೆ ಒಂದೊಂದು ಸೌಕರ್ಯದಂತೆ, ತಯಾರಕರು ಅವರಿಗೆ ಆಸನವನ್ನೂ ಗಾಜನ್ನೂ ತಂಪುಗಾಳಿಯನ್ನೂ ಒದಗಿಸುತ್ತ ಹೋದರು. ಅಲ್ಲಿ ಕಾರು ಜೀಪಾಗಲು ಹವಣಿಸಿತು. ಇಲ್ಲಿ ಲಾರಿಯ ಚಿಕ್ಕ ತಮ್ಮನೊಬ್ಬ ನಾಲ್ವತ್ತೈದು ವರ್ಷ ನಡೆದು ನಡೆದು ಕಾರಾದನು.

1970ರ ದಶಕದ ಆರಂಭದಲ್ಲಿ ಆಗ್ನೇಯ ಏಷ್ಯಾದ ಸರ್ಕಾರಗಳಿಗೂ ಜಗತ್ತಿನ ದೊಡ್ಡ ಮೋಟಾರು ಕಂಪನಿಗಳಿಗೂ ಏಕಕಾಲದಲ್ಲಿ ಹೊಳೆದ ಒಂದು ವಿಚಾರವಿತ್ತು. ಬಡದೇಶಗಳಿಗೆ ಬೇಕಾದುದು ವಿಲಾಸದ ಕಾರಲ್ಲ. ದೊಡ್ಡ ದೊಡ್ಡ ಅಚ್ಚುಯಂತ್ರಗಳ ಹಂಗಿಲ್ಲದೆ, ತಗಡನ್ನು ಕತ್ತರಿಸಿ ಮಡಿಚಿ ಬೆಸೆಯಬಲ್ಲ ಸಾಮಾನ್ಯ ಕಾರ್ಖಾನೆಯಲ್ಲಿಯೇ ತಯಾರಿಸಬಹುದಾದ, ಹೊಲದಿಂದ ಸಂತೆಗೆ ಹೋಗಿಬರುವ ಸರಳ ಗಾಡಿ ಎಂಬುದೇ ಆ ವಿಚಾರ. ಅಮೆರಿಕದ ಜನರಲ್ ಮೋಟಾರ್ಸ್ ಇಂಥದೊಂದನ್ನು ಯೋಜಿಸಿತು. ಅದು ಮಲೇಷ್ಯಾದಲ್ಲಿ 'ಹರಿಮಾವ್', ಅಂದರೆ ಹುಲಿ ಎಂದು ಹೆಸರಾಯಿತು. ಫಿಲಿಪೀನ್ಸಿನಲ್ಲಿ ಫೋರ್ಡ್ ಕಂಪನಿ 1972ರಲ್ಲಿ 'ಫಿಯೇರಾ'ವನ್ನು ತಂದಿತು. ಅದೂ ಕಾಡುಮೃಗವೆಂಬ ಅರ್ಥದ ಸ್ಪ್ಯಾನಿಷ್ ಶಬ್ದ. ಟೊಯೋಟಾ ಅದೇ ದೇಶದಲ್ಲಿ 1976ರ ಕೊನೆಗೆ ಇಳಿಸಿದ ಗಾಡಿಗೆ, ಮಿಂಡೊರೊ ದ್ವೀಪದ ಕುಳ್ಳ ಕಾಡೆಮ್ಮೆಯ ಹೆಸರಾದ 'ಟಮರಾವ್' ಎಂದು ನಾಮಕರಣ ಮಾಡಿತು. ಮೃಗಾಲಯವೊಂದರ ಬಾಗಿಲು ತೆರೆದುಬಿಟ್ಟಂತೆ ಹುಲಿಯೂ ಕಾಡೆಮ್ಮೆಯೂ ರಸ್ತೆಗೆ ಬಂದುವು. ಕೊನೆಗೆ ಓಟದಲ್ಲಿ ಗೆದ್ದದ್ದು ಇವುಗಳಲ್ಲೆಲ್ಲ ಅಂಜುಬುರುಕಾದ ಕಾಡುಕುರಿಯೆಂಬುದು ವಿಧಿಯ ವಿನೋದವೆನ್ನಬೇಕು.

ಇಂಡೋನೇಷ್ಯಾದಲ್ಲಿ ಆ ಕಾಲ ಜಪಾನೀಯರಿಗೆ ಸುಖದ ಕಾಲವಾಗಿರಲಿಲ್ಲ. 1974ರ ಜನವರಿಯಲ್ಲಿ ಜಪಾನಿನ ಪ್ರಧಾನಿ ಕಾಕುಯೆಯಿ ತನಾಕಾ ಜಕಾರ್ತಾಕ್ಕೆ ಬಂದಾಗ, ವಿದೇಶೀ ಬಂಡವಾಳದ ವಿರುದ್ಧ ವಿದ್ಯಾರ್ಥಿಗಳು ಹೂಡಿದ ಪ್ರತಿಭಟನೆ ಜನವರಿ 15ರಂದು ದೊಂಬಿಯಾಗಿ ತಿರುಗಿ, ನೂರಾರು ವಾಹನಗಳು ಸುಟ್ಟು ಕರಕಲಾದುವು. 11 ಮಂದಿ ಸತ್ತರು. ಟೊಯೋಟಾದ ಪಾಲುದಾರನಾಗಿದ್ದ ಆಸ್ಟ್ರಾ ಸಂಸ್ಥೆಯ ಕಟ್ಟಡವೂ ಉದ್ರಿಕ್ತರ ಕೈಗೆ ಸಿಕ್ಕಿತು. ತನ್ನ ಕಾರು ಬೀದಿಯಲ್ಲಿ ಉರಿಯುವುದನ್ನು ಕಂಡ ಕಂಪನಿಯು ಮರುವರ್ಷವೇ ಜಕಾರ್ತಾದ ಮೇಳದಲ್ಲಿ ಕಿಜಾಂಗಿನ ಮಾದರಿಯನ್ನು ತಂದು ನಿಲ್ಲಿಸಿತೆಂಬ ಸಂಗತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಸರು ಆ ನೆಲದ ಮೃಗದ್ದು. ಸಾಲದುದಕ್ಕೆ, 'ಇಂಡೋನೇಷ್ಯಾ–ಜಪಾನ್ ಸಹಕಾರ' ಎಂಬ ಅರ್ಥ ಬರುವ ಅಲ್ಲಿಯ ಭಾಷೆಯ ಪದಪುಂಜದ ಸಂಕ್ಷೇಪವೂ ಅದೇ ಆಗುತ್ತದೆಂದು ಇನ್ನೊಂದು ವ್ಯಾಖ್ಯಾನವನ್ನೂ ಜನಕ್ಕೆ ಹೇಳಲಾಯಿತು. ಶ್ಲೇಷಾಲಂಕಾರದಿಂದ ರಾಜಕಾರಣ ಮಾಡಿದ ವಾಹನ ಇದೊಂದೇ ಇರಬೇಕು.

ಆ ಮೊದಲ ಕಿಜಾಂಗನ್ನು ಹತ್ತಿರದಿಂದ ನೋಡಿದರೆ ನಗು ಬರುವುದೇ ಸಹಜ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವನ್ನು ಹಿಡಿದಿಡಲು ಅಡ್ಡ ಮೆಟ್ಟಿಲುಗಳು. ಗೋಡೆಗೊರಗಿಸಿದ ಏಣಿಯನ್ನು ನೆಲಕ್ಕೆ ಮಲಗಿಸಿದಂತಹ ಚಾಸಿ. ಅದರ ಮುಂದಿನ ತುದಿಯಲ್ಲಿ 1.2 ಲೀಟರಿನ ಪೆಟ್ರೋಲು ಯಂತ್ರ, ನಾಲ್ಕು ಗೇರು, ಹಿಂದಿನ ಚಕ್ರಗಳಿಗೆ ಚಾಲನೆ. ಮೈಯಲ್ಲಿ ಒಂದಾದರೂ ವಕ್ರರೇಖೆಯಿಲ್ಲ; ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಮೋಟಾರಿನಂತೆ ಒಂದು ದೊಡ್ಡ ಪೆಟ್ಟಿಗೆಗೆ ಚಿಕ್ಕ ಪೆಟ್ಟಿಗೆಯನ್ನು ಅಂಟಿಸಿದ ಆಕಾರ. ಬಾಗಿಲು ಅರ್ಧಕ್ಕೇ ನಿಂತಿತ್ತು. ಮಳೆ ಬಂದರೆ ಪರದೆ ಇಳಿಬಿಡಬೇಕು. ಬಾನೆಟ್ಟು ಮಾತ್ರ ಪಕ್ಕದ ಗೋಡೆಗಳನ್ನೂ ಸೇರಿಸಿಕೊಂಡು ಮೇಲೇಳುತ್ತಿದ್ದುದರಿಂದ, ತೆರೆದಾಗ ಮೊಸಳೆ ಬಾಯಿ ಕಳೆದಂತೆ ಕಾಣುತ್ತಿತ್ತು. ಜನ ಆ ತಲೆಮಾರನ್ನು ಇಂದಿಗೂ 'ಮೊಸಳೆ ಕಿಜಾಂಗ್' ಎಂದೇ ಕರೆಯುತ್ತಾರೆ. ಕಾಡುಕುರಿಗೆ ಮೊಸಳೆಯ ಬಿರುದು! ಮೃಗಾಲಯದ ಚೇಷ್ಟೆ ಅಲ್ಲಿಗೂ ಮುಗಿಯಲಿಲ್ಲ.

ಇನ್ನು ಕುಟುಂಬಗಳು ಗಾಡಿ ಹತ್ತಿದ ಬಗೆ. ಕಂಪನಿ ಮಾರುತ್ತಿದ್ದುದು ಹಿಂಬದಿ ಬೋಳಾದ ಸಾಮಾನು ಗಾಡಿ. ಅದನ್ನು ಕೊಂಡವರು ನೇರವಾಗಿ ಊರಿನ ಬಾಡಿ ಕಟ್ಟುವವರಲ್ಲಿಗೆ ಒಯ್ಯುತ್ತಿದ್ದರು. 'ಕರೋಸರಿ' ಎಂದು ಅಲ್ಲಿ ಹೆಸರಾದ ಈ ಕಾರ್ಯಾಗಾರಗಳು ನಮ್ಮಲ್ಲಿ ಲಾರಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡುಗಳ ಸಹೋದರರೇ ಸರಿ. ಚಾವಣಿ, ಕಿಟಕಿ, ಎರಡು ಮೂರು ಸಾಲು ಆಸನ ಎಲ್ಲವೂ ಗಿರಾಕಿಯ ಜೇಬಿಗೂ ಅವನ ಮನೆಯ ತಲೆಯೆಣಿಕೆಗೂ ತಕ್ಕಂತೆ ಅಲ್ಲಿ ಏರುತ್ತಿದ್ದುವು. ಮಡಿಚಿದ ತಗಡಿನ ಅಂಕುಡೊಂಕುಗಳನ್ನು ಮುಚ್ಚಲು ಪುಟ್ಟಿಯನ್ನು ಧಾರಾಳವಾಗಿ ಬಳಿಯುತ್ತಿದ್ದರು. ನಮ್ಮ ಟಿಂಕರಿಂಗ್ ಅಂಗಡಿಗಳನ್ನು ಬಲ್ಲವರಿಗೆ ಇದರ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಳ ವಾಣಿಜ್ಯ ವಾಹನಗಳಿಗೆ ಆ ದೇಶದ ಸರ್ಕಾರ ತೆರಿಗೆಯಲ್ಲಿ ತೋರುತ್ತಿದ್ದ ರಿಯಾಯತಿಯೂ ಸಂಸಾರವಂದಿಗರಿಗೆ ಅನುಕೂಲವಾಗಿ ಒದಗಿತು. ಸೆಡಾನ್ ಕಾರು ಸಿರಿವಂತರಿಗೆ. ಅಜ್ಜ ಅಜ್ಜಿ ಮಕ್ಕಳು ಮೊಮ್ಮಕ್ಕಳು ಕೂಡಿ ಎಂಟು ಹತ್ತು ಜನವಿದ್ದ ಮನೆಗೆ, ರಂಜಾನ್ ಹಬ್ಬಕ್ಕೆ ಪಟ್ಟಣ ಬಿಟ್ಟು ಹುಟ್ಟೂರಿಗೆ ಹೋಗುವ 'ಮುದಿಕ್' ಎಂಬ ಮಹಾವಲಸೆಗೆ, ಕಿಜಾಂಗಲ್ಲದೆ ಗತಿಯಿರಲಿಲ್ಲ.

1981ರಲ್ಲಿ ಎರಡನೆಯ ತಲೆಮಾರು ಬಂತು. ಅದರ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. 1986ರ ಮೂರನೆಯದು ಗಮನಾರ್ಹ. ತಗಡನ್ನು ಮಡಿಚುವ ಪದ್ಧತಿಯನ್ನು ಬಹುಮಟ್ಟಿಗೆ ಬಿಟ್ಟು ಅಚ್ಚಿನಲ್ಲಿ ಒತ್ತಿ ಮೈಯನ್ನು ರೂಪಿಸಿದ್ದರಿಂದ ಪುಟ್ಟಿಯ ಕೆಲಸ ತಗ್ಗಿತು, ಮೂಲೆಗಳು ತುಸು ನುಣುಪಾದುವು, ಐದನೆಯ ಗೇರು ಬಂತು. 'ಕಿಜಾಂಗ್ ಸೂಪರ್' ಎಂಬ ಹೆಸರಿನ ಈ ಗಾಡಿ ಇಂಡೋನೇಷ್ಯಾದ ಮನೆಮನೆಯ ಮಾತಾಯಿತು. ನಮ್ಮ ಕಥೆಗೂ ಮುಖ್ಯವಾದುದು ಇದೇ ತಲೆಮಾರು, ಏಕೆಂದರೆ ಹದಿನಾಲ್ಕು ವರ್ಷಗಳ ಅನಂತರ ಮುಖವನ್ನಷ್ಟು ಬದಲಿಸಿಕೊಂಡು ಬಿಡದಿಗೆ ಬಂದದ್ದು ಇದರ ಒಡಲೇ. 1997ರ ನಾಲ್ಕನೆಯ ತಲೆಮಾರು ಮಾತ್ರೆಯಂತೆ ದುಂಡಗಾದದ್ದರಿಂದ 'ಕಾಪ್ಸುಲ್' ಎನ್ನಿಸಿಕೊಂಡಿತು. ಅದು ಫಿಲಿಪೀನ್ಸಿನಲ್ಲಿ ರೆವೊ, ಮಲೇಷ್ಯಾದಲ್ಲಿ ಉನ್ಸೆರ್, ದಕ್ಷಿಣ ಆಫ್ರಿಕದಲ್ಲಿ ಕಾಂಡೋರ್ ಎಂಬ ನಾಮಾಂತರಗಳಿಂದ ಸಂಚರಿಸಿತು.

ಕಾಡುಕುರಿ ಕರ್ನಾಟಕಕ್ಕೆ ಬಂದ ದಾರಿಯನ್ನು ಹೇಳುವ ಮೊದಲು ಎರಡು ಮನೆತನಗಳ ಪ್ರಸ್ತಾಪ ಮಾಡಬೇಕು. ಟೊಯೋಟಾದ ಮೂಲಪುರುಷ ಸಕಿಚಿ ಟೊಯೋಡಾ ಮೋಟಾರಿನವನಲ್ಲ, ಮಗ್ಗದವನು. ನೂಲು ಕಡಿದರೆ ತಾನೇ ನಿಲ್ಲುವ ಸ್ವಯಂಚಾಲಿತ ಮಗ್ಗವನ್ನು ರೂಪಿಸಿ, ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ 1929ರಲ್ಲಿ ಮಾರಿದವನು. ಅವನ ಮಗ ಕಿಯಿಚಿರೊ ಮೋಟಾರಿನ ಹುಚ್ಚು ಹಿಡಿಸಿಕೊಂಡನು. ಇತ್ತ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಂದು ಮುಂದುವರಿದು, 1910ರಲ್ಲಿ ಔಂಧ್ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾಗಿ ಲೇತುಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಆ ವೃಕ್ಷದ್ದೇ ಒಂದು ಕೊಂಬೆ. ಆ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರರು ಟೊಯೋಡಾ ಮನೆಯವರೊಡನೆ ಮೊದಲು ಕೈಜೋಡಿಸಿದ್ದು ಮೋಟಾರಿಗಾಗಿಯಲ್ಲ. ಬೆಂಗಳೂರಿನ ಹತ್ತಿರ 1995ರಲ್ಲಿ ಆರಂಭವಾದ ಜವಳಿ ಯಂತ್ರಗಳ ಕಾರ್ಖಾನೆಗಾಗಿ. ನೇಗಿಲಿನವರೂ ಮಗ್ಗದವರೂ ಒಬ್ಬರನ್ನೊಬ್ಬರು ಹೀಗೆ ಅರಿತ ಮೇಲೆ, 1997ರ ಅಕ್ಟೋಬರಿನಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿತು. ಮೈಸೂರು ರಸ್ತೆಯ ಬಿಡದಿಯಲ್ಲಿ 432 ಎಕರೆ ಭೂಮಿಯ ಮೇಲೆ ಕಾರ್ಖಾನೆ ಎದ್ದಿತು. ಅಲ್ಲಿಯವರೆಗೆ ತಟ್ಟೆ ಇಡ್ಲಿಗಾಗಿ ಬಸ್ಸು ನಿಲ್ಲುತ್ತಿದ್ದ ಊರು ಅದು.

1999ರ ಡಿಸೆಂಬರಿನಲ್ಲಿ ಉತ್ಪಾದನೆ ತೊಡಗಿ, 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್ ಎಂಬ ಗಾಡಿಯನ್ನು ಕಂಡು ಬಲ್ಲವರು ಮೂಗು ಮುರಿದರು. ಜಗತ್ತಿನ ಅಗ್ರಗಣ್ಯ ಮೋಟಾರು ಕಂಪನಿ, ಬಿಡದಿಯಲ್ಲಿ ತಯಾರಿಸಿದ ಮೊದಲ ವಾಹನವೇ 1986ರ ಒಡಲಿನದೆಂದರೆ! ಇಂಡೋನೇಷ್ಯಾದವರು ದುಂಡು ಕಾಪ್ಸುಲ್ ಏರಿ ಮೂರು ವರ್ಷವಾಗಿತ್ತು. ಪೆಟ್ಟಿಗೆಯಂಥ ಆಕಾರ, 75 ಅಶ್ವಶಕ್ತಿಯ 2.4 ಲೀಟರ್ ಡೀಸೆಲ್ ಯಂತ್ರ, ಹಿಂದುಗಡೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಕಮಾನು. ಇದರಲ್ಲಿ ಹೊಗಳುವುದಕ್ಕೆ ಏನಿದೆ ಎಂದರು. ಹೊಗಳಿಕೆಗೆ ಕಾರಣ ಕಾಗದದ ಮೇಲಿರಲಿಲ್ಲ. ಅಂದು ನಮ್ಮಲ್ಲಿ ಹತ್ತು ಜನರ ಮನೆ ಯಾತ್ರೆ ಹೊರಡಬೇಕಾದರೆ ಇದ್ದುವು ಮೆಟಡೋರ್, ಟ್ರ್ಯಾಕ್ಸ್, 1994ರಿಂದೀಚೆಗೆ ಸುಮೋ. ಇವುಗಳಲ್ಲಿ ಕುಳಿತು ಶಿರಾಡಿ ಘಾಟಿ ಇಳಿದವರ ಸೊಂಟವೇ ಇವುಗಳ ವಿಮರ್ಶಕ. ಕ್ವಾಲಿಸ್ ಅದೇ ಜಾತಿಯ ಗಾಡಿಯಾಗಿದ್ದೂ ಸದ್ದು ಕಡಮೆ, ಅದುರು ಕಡಮೆ, ಎಲ್ಲಕ್ಕಿಂತ ಹೆಚ್ಚಾಗಿ ದಾರಿಯಲ್ಲಿ ಕೈಕೊಡುವುದು ಕಡಮೆ. ಟೂರಿಸ್ಟ್ ಗಾಡಿಯ ಮಾಲೀಕನಿಗೆ ಈ ಕೊನೆಯ ಗುಣವೊಂದಿದ್ದರೆ ಉಳಿದದ್ದೆಲ್ಲ ಅಲಂಕಾರ. ಗಾಡಿ ನಿಂತ ದಿನ ಅವನ ಒಲೆ ಉರಿಯದು.

ಆ ಕಾಲದ ಒಂದು ಬೆಳಗಿನ ಜಾವ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾಲ್ಕೂವರೆ ಗಂಟೆ, ಬೀದಿಯ ದೀಪದ ಕೆಳಗೆ ಬಿಳಿಯ ಕ್ವಾಲಿಸ್, ಮುಂದೆ ಹಳದಿ ಬೋರ್ಡು. ಚಾಲಕ ಕ್ಯಾರಿಯರ್ ಮೇಲೆ ನಿಂತು ಟ್ರಂಕು ಹಾಸಿಗೆಗಳನ್ನು ಜೋಡಿಸಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುತ್ತಿದ್ದಾನೆ. ಕೆಳಗೆ ನನ್ನ ಸೋದರತ್ತೆ ನಿಂಬೆಹಣ್ಣನ್ನು ಮುಂದಿನ ಚಕ್ರದಡಿಗೆ ಇಡುತ್ತ, ಇನ್ನೆರಡನ್ನು ಘಾಟಿಯ ತಿರುವಿಗೆಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಾರೆ. "ಅಜ್ಜೀನ ಮುಂದೆ ಕೂರಿಸಿ ಅಮ್ಮಾ, ಮಕ್ಕಳು ಹಿಂದೆ ಎದುರುಬದುರು ಕೂತ್ಕೊಳ್ಳಲಿ," ಎಂದು ಆತ ಮೇಲಿನಿಂದಲೇ ಸಂಸಾರದ ಶ್ರೇಣಿಯನ್ನು ನಿರ್ಧರಿಸಿದನು. ಹಿಂಭಾಗದ ಆ ಎದುರುಬದುರಿನ ಆಸನಗಳು ಮೊದಲ ಕಿಜಾಂಗಿನ ಮೂಟೆಯ ಜಾಗದ ಕೊನೆಯ ಕುರುಹು. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಅಂತ್ಯಾಕ್ಷರಿ ಹಾಡುತ್ತ ಧರ್ಮಸ್ಥಳ ಮುಟ್ಟಿದ ನಮಗೆ ಆಗ ಅದೇನೂ ತಿಳಿದಿರಲಿಲ್ಲ.

ಅದೇ ಗಾಡಿ ಬೆಂಗಳೂರಿನಲ್ಲಿ ಇನ್ನೊಂದು ಅವತಾರವನ್ನೆತ್ತಿತು. ಕಾಲ್ ಸೆಂಟರುಗಳು ತಲೆಯೆತ್ತಿದ ಆ ವರ್ಷಗಳಲ್ಲಿ, ಊರೆಲ್ಲ ಮಲಗಿದ ಮೇಲೆ, ಅಮೆರಿಕದ ಹಗಲಿಗೆ ಕೆಲಸ ಮಾಡುವ ಹುಡುಗ ಹುಡುಗಿಯರನ್ನು ಮನೆಮನೆಯಿಂದ ಪಿಕಪ್ ಮಾಡಿ, ಬೆಳಗಿನ ಹಾಲಿನವನ ಹೊತ್ತಿಗೆ ಡ್ರಾಪ್ ಮಾಡುವ ಕ್ವಾಲಿಸುಗಳು ನಗರದ ನಿಶಾಚರ ಜೀವನದ ಲಾಂಛನವಾದುವು. ಮಂಡ್ಯ, ಮಾಗಡಿ, ಕನಕಪುರ ಕಡೆಯಿಂದ ಬಂದು ಸಾಲ ತೆಗೆದು ಗಾಡಿ ಕೊಂಡ ಅದೆಷ್ಟೋ ತರುಣರಿಗೆ, ಹೊಸ ಅರ್ಥವ್ಯವಸ್ಥೆಯ ಬಾಗಿಲು ಎಂದರೆ ಆ ಗಾಡಿಯ ಬಾಗಿಲೇ.

ಇಂಥ ಗಾಡಿಯನ್ನು, ಬೇಡಿಕೆ ಇನ್ನೂ ಜೋರಾಗಿದ್ದಾಗಲೇ, 2005ರ ಆರಂಭದಲ್ಲಿ ಕಂಪನಿ ನಿಲ್ಲಿಸಿಬಿಟ್ಟಿತು. ಮಾರಾಟ ಕುಸಿದ ಮೇಲೆ ಬಾಗಿಲು ಹಾಕುವುದು ಲೋಕರೂಢಿ. ಓಡುವ ಕುದುರೆಯನ್ನು ಲಾಯಕ್ಕೆ ಕಟ್ಟುವುದು ಹುಂಬತನವೋ ದೂರದೃಷ್ಟಿಯೋ ಎಂದು ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಬಹುಕಾಲ ಚರ್ಚೆ ನಡೆಯಿತು. ನನ್ನ ಮಟ್ಟಿಗೆ ಅದು ಆ ಕಂಪನಿಯ ಇತಿಹಾಸದಲ್ಲಿಯೇ ಧೈರ್ಯದ ನಿರ್ಧಾರಗಳಲ್ಲೊಂದು. ಕಾರಣ ಜಪಾನಿನಲ್ಲಿತ್ತು. ಅಲ್ಲಿ ರೂಪುಗೊಂಡ ಐಎಂವಿ ಎಂಬ ಮಹಾಯೋಜನೆಯು, ಹೈಲಕ್ಸ್ ಪಿಕಪ್ಪು, ಕಿಜಾಂಗ್, ಫಾರ್ಚೂನರ್ ಮೂರಕ್ಕೂ ಒಂದೇ ಬಗೆಯ ಚಾಸಿಯನ್ನು ಕಲ್ಪಿಸಿ, ಜಪಾನಿನ ಹೊರಗಿನ ದೇಶಗಳಲ್ಲಿಯೇ ಇವುಗಳ ಅಂಗಾಂಗಗಳನ್ನು ಮಾಡಿ ಪರಸ್ಪರ ಒದಗಿಸಿಕೊಳ್ಳುವಂತೆ ಏರ್ಪಡಿಸಿತು: ಡೀಸೆಲ್ ಯಂತ್ರ ಥಾಯ್ಲೆಂಡಿನಿಂದ, ಪೆಟ್ರೋಲ್ ಯಂತ್ರ ಇಂಡೋನೇಷ್ಯಾದಿಂದ, ಗೇರ್‌ಬಾಕ್ಸು ಫಿಲಿಪೀನ್ಸಿನಿಂದ ಮತ್ತು ಭಾರತದಿಂದ. ಭಾರತದಿಂದ ಎಂದರೆ ಬಿಡದಿಯಿಂದಲೇ. ಹೀಗೆ ತಟ್ಟೆ ಇಡ್ಲಿಯ ಊರಿನಲ್ಲಿ ಹುಟ್ಟಿದ ಗೇರ್‌ಬಾಕ್ಸುಗಳು ಕಡಲಾಚೆಗೂ ಹೋದುವು.

ಕಿಜಾಂಗಿನ ಐದನೆಯ ತಲೆಮಾರು, ಇಂಡೋನೇಷ್ಯಾದಲ್ಲಿ 2004ರ ಸೆಪ್ಟೆಂಬರಿನಲ್ಲಿ 'ಕಿಜಾಂಗ್ ಇನ್ನೋವಾ' ಎಂದೂ, ನಮ್ಮಲ್ಲಿ 2005ರ ಫೆಬ್ರುವರಿಯಲ್ಲಿ ಬರಿಯ 'ಇನ್ನೋವಾ' ಎಂದೂ ಬಂದಾಗ, ಗಾಡಿಯೊಳಗಿನ ಮೂಟೆಯ ನೆನಪು ಪೂರ್ತಿ ಅಳಿಸಿಹೋಯಿತು. ಪಟ್ಟಿಗಳ ಕಮಾನು ಹೋಗಿ ಸುರುಳಿ ಸ್ಪ್ರಿಂಗು ಬಂತು. ಹಳೆಯ ಡೀಸೆಲ್ಲಿನ ಜಾಗದಲ್ಲಿ 102 ಅಶ್ವಶಕ್ತಿಯ 2.5 ಲೀಟರಿನ ಕಾಮನ್-ರೈಲ್ ಯಂತ್ರ ಬಂತು. ಎಲ್ಲ ಆಸನಗಳೂ ಮುಂದಕ್ಕೇ ಮುಖ ಮಾಡಿದುವು. ನಡುವಿನ ಸಾಲಿನಲ್ಲಿ ಕೈಯೂರಲು ಹಿಡಿಯಿದ್ದ ಎರಡು ಬಿಡಿ ಕುರ್ಚಿಗಳು, ನಮ್ಮವರ ಮಾತಿನಲ್ಲಿ 'ಕ್ಯಾಪ್ಟನ್ ಸೀಟು', ಕಾಣಿಸಿಕೊಂಡುವು. ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟಾದರೂ ಕೆಳಗಿನ ಏಣಿ ಮಾತ್ರ ಹಾಗೆಯೇ ಇತ್ತು. ಪಲ್ಲಕ್ಕಿಯ ಮೇಲಿನ ಮಂಟಪ ಬದಲಾಗಿತ್ತು, ಹೊರುವ ದಂಡಿಗೆ ಹಳೆಯದೇ. ಬೆಲೆ ಹೆಚ್ಚೆಂದು ಗೊಣಗುತ್ತಲೇ ಜನ ಕೊಂಡರು. ಕೆಲವೇ ವರ್ಷಗಳಲ್ಲಿ ಕನ್ನಡನಾಡಿನ ಬಾಡಿಗೆ ಲೋಕದಲ್ಲಿ 'ಇನ್ನೋವಾ ರೇಟು' ಎಂಬುದೇ ಒಂದು ಅಳತೆಗೋಲಾಯಿತು: ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರು, ಚಾಲಕನ ಭತ್ಯೆ ಬೇರೆ. ಮದುವೆಯ ಬೀಗರಿಗೆ, ಚುನಾವಣೆಯ ಅಭ್ಯರ್ಥಿಗೆ, ಮಠದ ಸ್ವಾಮಿಗಳಿಗೆ, ವಿಮಾನ ನಿಲ್ದಾಣದಿಂದ ಬರುವ ವಿದೇಶದ ಮಗನಿಗೆ, ಎಲ್ಲರಿಗೂ ಒಂದೇ ಗಾಡಿ. ಮೂರು ಲಕ್ಷ ಕಿಲೋಮೀಟರು ಓಡಿದ ಇನ್ನೋವಾವನ್ನು 'ಈಗಷ್ಟೇ ಸೆಟ್ ಆಗಿದೆ ಸಾರ್' ಎಂದು ಮಾರುವ ಧೈರ್ಯ ಬೇರೆ ಯಾವ ವಾಹನದ ದಲ್ಲಾಳಿಗೂ ಇದ್ದುದನ್ನು ನಾನು ಕಾಣೆ.

ಕಾರ್ಖಾನೆಯೊಳಗೆ ಎಲ್ಲವೂ ಸಾಮರಸ್ಯದಿಂದ ಸಾಗಿತೆಂದು ಬರೆದರೆ ಇತಿಹಾಸಕ್ಕೆ ಅಪಚಾರವಾದೀತು. ಕಾರ್ಮಿಕರಿಗೂ ಆಡಳಿತಕ್ಕೂ ತಿಕ್ಕಾಟ ಬೆಳೆದು 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಮುಷ್ಕರ, ಬೀಗಮುದ್ರೆಗಳವರೆಗೆ ಹೋದುದುಂಟು. ಕೊನೆಯದು ಇತ್ಯರ್ಥವಾಗಲು ತಿಂಗಳುಗಳೇ ಹಿಡಿದುವು. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗರಿಗೆ ಊಟ ವಸತಿಯೊಡನೆ ಮೂರು ವರ್ಷದ ಕುಶಲಕರ್ಮ ಶಿಕ್ಷಣ ಕೊಡುವ ಶಾಲೆಯೊಂದು 2007ರಲ್ಲಿ ಅದೇ ಆವರಣದಲ್ಲಿ ಆರಂಭವಾದದ್ದೂ ಉಂಟು. ಎರಡನ್ನೂ ಒಟ್ಟಿಗೆ ನೆನೆಯುವುದು ನ್ಯಾಯ.

ಆರನೆಯ ತಲೆಮಾರು 2016ರ ಮೇ ತಿಂಗಳಿನಲ್ಲಿ 'ಇನ್ನೋವಾ ಕ್ರಿಸ್ಟಾ' ಎಂಬ ಹೆಸರಿನಿಂದ ನಮ್ಮಲ್ಲಿಗೆ ಬಂದುದು ಅಶುಭ ಮುಹೂರ್ತದಲ್ಲಿ. ದೆಹಲಿಯ ಗಾಳಿ ಉಸಿರಾಡಲು ಯೋಗ್ಯವಾಗಿ ಉಳಿದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ, 2000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿಯನ್ನು ರಾಜಧಾನಿಯ ವಲಯದಲ್ಲಿ ತಡೆಹಿಡಿದಿತ್ತು. ಕ್ರಿಸ್ಟಾದ ಎರಡು ಯಂತ್ರಗಳಲ್ಲಿ ಒಂದು 2.4, ಇನ್ನೊಂದು 2.8 ಲೀಟರಿನದು, ಎರಡೂ ಡೀಸೆಲ್. ಬಿಡದಿಯಲ್ಲಿ ತಯಾರಾದ ಗಾಡಿಯನ್ನು ದೇಶದ ರಾಜಧಾನಿಯಲ್ಲಿ ಮಾರುವಂತಿರಲಿಲ್ಲ. ಕಂಪನಿ ಅವಸರದಿಂದ 2.7 ಲೀಟರಿನ ಪೆಟ್ರೋಲ್ ಯಂತ್ರವನ್ನು ಅಳವಡಿಸಿ ಆಗಸ್ಟಿನಲ್ಲಿ ಹೊರತಂದಿತು. ಅದೇ ತಿಂಗಳು ನ್ಯಾಯಾಲಯವೂ, ಬೆಲೆಯ ಶೇಕಡಾ 1ರಷ್ಟು ಪರಿಸರ ಶುಲ್ಕ ಕಟ್ಟಿದರೆ ಸಾಕೆಂದು ತಡೆಯನ್ನು ತೆರವು ಮಾಡಿತು. ಆದರೆ ಆ ಎಂಟು ತಿಂಗಳು ತಯಾರಕರ ಮನಸ್ಸಿನಲ್ಲಿ ಒಂದು ಗಾಯವನ್ನುಳಿಸಿದುವೆಂದು ತೋರುತ್ತದೆ. ಡೀಸೆಲ್ಲನ್ನೇ ನೆಚ್ಚಿದ ವಂಶಕ್ಕೆ ಅದರಿಂದಲೇ ವಿಪತ್ತು ಬರಬಹುದೆಂಬ ಎಚ್ಚರಿಕೆಯನ್ನು ಅವರು ಮರೆಯಲಿಲ್ಲ.

ಆ ಎಚ್ಚರಿಕೆಗೆ ಉತ್ತರವೋ ಎಂಬಂತೆ 2022ರ ನವೆಂಬರಿನಲ್ಲಿ ಏಳನೆಯ ತಲೆಮಾರು ಬಂತು. 21ರಂದು ಇಂಡೋನೇಷ್ಯಾದಲ್ಲಿ 'ಕಿಜಾಂಗ್ ಇನ್ನೋವಾ ಝೆನಿಕ್ಸ್' ಎಂದು, 25ರಂದು ಮುಂಬಯಿಯಲ್ಲಿ 'ಇನ್ನೋವಾ ಹೈಕ್ರಾಸ್' ಎಂದು. ಡೀಸೆಲ್ ಯಂತ್ರವೇ ಇಲ್ಲ. 2 ಲೀಟರಿನ ಪೆಟ್ರೋಲ್ ಯಂತ್ರವೂ ವಿದ್ಯುತ್ ಮೋಟಾರೂ ಕೂಡಿ 186 ಅಶ್ವಶಕ್ತಿ. ಪ್ರಮಾಣೀಕೃತ ಪರೀಕ್ಷೆಯಲ್ಲಿ ಲೀಟರಿಗೆ 23.24 ಕಿಲೋಮೀಟರು. ಆರು ತಲೆಮಾರು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದ ಚಾಲನೆ ಈಗ ಮುಂದಿನ ಚಕ್ರಗಳಿಗೆ ಬಂತು. ಮತ್ತು, ಕೊನೆಗೂ, ಏಣಿ ಹೋಯಿತು. ತೆಂಗಿನಕಾಯಿಗೆ ಒಳಗೆ ಅಸ್ಥಿಪಂಜರವಿಲ್ಲ, ಚಿಪ್ಪೇ ಅದರ ಬಲ; ಹಾಗೆ ಮೈಯೇ ಭಾರವನ್ನೆಲ್ಲ ಹೊರುವ ಮಾನೊಕಾಕ್ ರಚನೆ ಬಂತು. ಕ್ರಿಸ್ಟಾದ 2750 ಮಿಲಿಮೀಟರು ಚಕ್ರಾಂತರ ಇಲ್ಲಿ 2850ಕ್ಕೆ ಬೆಳೆದರೂ, ಒಟ್ಟು ಉದ್ದ ಹೆಚ್ಚಿದ್ದು 20 ಮಿಲಿಮೀಟರು ಮಾತ್ರ. ಉಳಿದುದೆಲ್ಲ ಒಳಗೆ ಕುಳಿತವರ ಕಾಲಿಗೆ ದಕ್ಕಿತು. ದುಬಾರಿ ಮಾದರಿಯ ನಡುಸಾಲಿನಲ್ಲಿ ಗುಂಡಿಯೊತ್ತಿದರೆ ಕಾಲ್ಮಣೆ ಮೇಲೆದ್ದು ಬರುತ್ತದೆ. ಮೊಸಳೆ ಕಿಜಾಂಗಿನ ಪರದೆಯ ಬಾಗಿಲಿನಿಂದ ಈ ಕಾಲ್ಮಣೆಯವರೆಗಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಮುಖವನ್ನೂ ನಿಲುವನ್ನೂ ಎಸ್‌ಯುವಿಯಂತೆ ತಿದ್ದಿದರು. ಹೀಗೆ, ರಾವ್-4 ಮೂರು ದಶಕಗಳ ಹಿಂದೆ ಹೊರಟ ಜಾಗಕ್ಕೆ ಕಾಡುಕುರಿ ತನ್ನದೇ ಸುತ್ತುದಾರಿಯಿಂದ ಬಂದು ಸೇರಿತು.

ಮುಂಬಯಿಯ ಆ ಅನಾವರಣದ ಸಮಾರಂಭದಲ್ಲಿ ವಿಕ್ರಮ್ ಕಿರ್ಲೋಸ್ಕರರು ವೇದಿಕೆಯಲ್ಲಿದ್ದರು. ನಾಲ್ಕು ದಿನಗಳ ತರುವಾಯ, ನವೆಂಬರ್ 29ರಂದು, ಹೃದಯಾಘಾತದಿಂದ ಬೆಂಗಳೂರಿನಲ್ಲಿ ತೀರಿಕೊಂಡರು, ವಯಸ್ಸು 64. ಅವರು ಕೈಹಿಡಿದು ನಾಡಿಗೆ ಕರೆತಂದ ವಂಶದ ಕೊನೆಯ ಕುಡಿಯ ನಾಮಕರಣವನ್ನು ನೋಡಿಯೇ ಹೋದರು.

ಹಳೆಯ ಕುಡಿಯೂ ಬಾಡಲಿಲ್ಲ. 2022ರ ಉತ್ತರಾರ್ಧದಲ್ಲಿ ತಡೆದಿದ್ದ ಡೀಸೆಲ್ ಕ್ರಿಸ್ಟಾವನ್ನು, ಏಣಿ ಚಾಸಿಯೊಡನೆಯೇ, ಮರುವರ್ಷ ಕಂಪನಿ ಮರಳಿ ತಂದಿತು. ಇಂಡೋನೇಷ್ಯಾದಲ್ಲಿಯೂ ಹಳೆಯ ಡೀಸೆಲ್ ಇನ್ನೋವಾ ಹೊಸದರ ಜೊತೆಗೇ ಮಾರಾಟದಲ್ಲಿ ಉಳಿಯಿತು. ಇತ್ತ ಹೈಕ್ರಾಸಿನ ಒಡಲು 2023ರ ಜುಲೈಯಲ್ಲಿ ಮಾರುತಿ ಸುಜುಕಿಯ ಹೆಸರಿನಲ್ಲಿ 'ಇನ್ವಿಕ್ಟೊ' ಆಗಿಯೂ ಹೊರಬಂತು.

ಹೋದ ವರ್ಷ ರಾಮನಗರದ ಹತ್ತಿರ ಚಹಾಕ್ಕೆಂದು ನಿಂತಾಗ, ನಮ್ಮ ಗಾಡಿಯ ಪಕ್ಕದಲ್ಲಿ ಬಿಳಿಯ ಬೋರ್ಡಿನ ಹೊಚ್ಚಹೊಸ ಹೈಕ್ರಾಸ್ ಒಂದು ಬಂದು ನಿಂತಿತು. ನಮ್ಮ ಚಾಲಕ ಹದಿನೆಂಟು ವರ್ಷದಿಂದ ಇದೇ ವಂಶದ ಗಾಡಿಗಳನ್ನೇ ಓಡಿಸಿದವನು, ಕ್ವಾಲಿಸಿನಿಂದ ಕ್ರಿಸ್ಟಾದವರೆಗೆ. ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟು, ಆ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯನ್ನು ನೆಲಕ್ಕೂರಿ, ತಲೆ ಬಾಗಿಸಿ ಕೆಳಗೆ ಬಹಳ ಹೊತ್ತು ನೋಡಿದನು. ಗಾಡಿಯ ಒಡೆಯರು ಏನಾದರೂ ಸೋರುತ್ತಿದೆಯೇ ಎಂದು ಗಾಬರಿಯಿಂದ ವಿಚಾರಿಸಿದರು.

"ಏನಿಲ್ಲ ಸಾರ್," ಎಂದು ಅವನು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡನು. "ಚಾಸಿ ಎಲ್ಲಿದೆ ಅಂತ ಹುಡುಕ್ತಿದ್ದೆ."